ಒಂದು ಮನೆಯ ಕಂಠ, ಐದು ಮನೆಯ ಪಾಠ

ಸಂಗೀತದ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗ ಮೊದಲು ಕಿವಿಗೆ ಬಂದದ್ದು ತೊಡೆಯ ಮೇಲೆ ಅವರು ಹಾಕುತ್ತಿದ್ದ ಆದಿತಾಳದ ಪೆಟ್ಟು. ವರ್ಷಗಟ್ಟಲೆ ಕಛೇರಿ ಮಾಡಿ ಆಮೇಲೆ ಪಾಠಕ್ಕೆ ಕುಳಿತವರು ಅವರು. ಹಾಡುಗಾರ ಮೇಷ್ಟ್ರಾಗಲು ಏನೇನು ಬಿಡಬೇಕೆಂದು ಕಂಡದ್ದು ಅವರ ತರಗತಿಯಲ್ಲಿ. ಪರೀಕ್ಷೆಗೆಂದು ಉರು ಹೊಡೆದ ರಾಗಲಕ್ಷಣಗಳು ಎಂದೋ ಮರೆತುಹೋಗಿವೆ.

ಮೊದಲು ಬಿಟ್ಟದ್ದು ತಮ್ಮ ಶ್ರುತಿಯನ್ನು. ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ ಅವರ ಶ್ರುತಿ ಒಂದು ಮನೆ, ಹೆಣ್ಣುಮಕ್ಕಳದು ಐದು ಮನೆ. ಮಕ್ಕಳ ಷಡ್ಜ, ಅಂದರೆ ಸ, ಮೇಷ್ಟ್ರಿಗೆ ಪಂಚಮ, ಅಂದರೆ ಪ. ಮಕ್ಕಳ ತಾರಷಡ್ಜ, ಮೇಲಿನ ಸ, ಅವರಿಗೆ ತಾರಪಂಚಮ. ಪಾಠಕ್ಕೆ ಹೊಸದಾಗಿ ಇಳಿದ ಹಾಡುಗಾರರು ಗಂಟಲು ಕೆಡಿಸಿಕೊಳ್ಳುವುದು ಇಲ್ಲೇ. ಕಛೇರಿಯಲ್ಲಿ ಒಮ್ಮೆ ಮುಟ್ಟಿ ಇಳಿಯುವ ಜಾಗದಲ್ಲಿ ಇಲ್ಲಿ ತಾಸುಗಟ್ಟಲೆ ನಿಲ್ಲಬೇಕು. ಕೆಳಗಿನ ಸ್ಥಾಯಿಗೆ ಇಳಿದರೋ, ಮಕ್ಕಳೂ ಹಿಂದೆಯೇ ಇಳಿಯುತ್ತಾರೆ. ಮೇಷ್ಟ್ರು ಮಕ್ಕಳ ಪಂಚಮದವರೆಗೆ ತಾವು ತೋರಿಸಿ, ಮೇಲಿನದನ್ನು ಚೆನ್ನಾಗಿ ಹಾಡುವ ಹುಡುಗಿಯೊಬ್ಬಳಿಂದ ಹಾಡಿಸುತ್ತಿದ್ದರು.

ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದನ್ನು, ಬಿಡುವುದು ಇನ್ನೂ ಕಷ್ಟ. ಕಛೇರಿಗೆ ಪಳಗಿದ ಕಂಠದಲ್ಲಿ ಸ್ವರ ತಾನಾಗಿ ಅಲುಗುತ್ತದೆ. ಮಗು ಆ ಅಲುಗಾಟವನ್ನೇ ಸ್ವರವೆಂದು ಕಲಿಯುತ್ತದೆ. ಮೊದಲ ಪಾಠವಾದ ಸರಳೆವರಸೆಯಲ್ಲಿ ಮೇಷ್ಟ್ರ ಸ್ವರಗಳು ಗೆರೆ ಎಳೆದಂತೆ ಇರುತ್ತಿದ್ದವು. ಆ ಪಾಠದ ರಾಗ ಮಾಯಾಮಾಳವಗೌಳದಲ್ಲಿ ಶುದ್ಧ ರಿಷಭ, ಅಂದರೆ ರಿ, ಷಡ್ಜಕ್ಕೆ ಅಂಟಿಕೊಂಡಿದೆ, ಅಲ್ಲಿಂದ ಅಂತರ ಗಾಂಧಾರಕ್ಕೆ, ಅಂದರೆ ಗ ಸ್ವರಕ್ಕೆ, ದೊಡ್ಡ ಜಿಗಿತ. ಮಕ್ಕಳು ಆ ಕಂದಕ ಮುಚ್ಚಲು ರಿಷಭವನ್ನು ಮೇಲೆಳೆಯುತ್ತಾರೆ, ಗಾಂಧಾರವನ್ನು ಕೆಳಗಿಳಿಸುತ್ತಾರೆ. ಸ, ಪ, ಮೇಲಿನ ಸ ಗಟ್ಟಿಯಾಗುವವರೆಗೆ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ. ತಾಳ ನಿಮಿಷಕ್ಕೆ 60 ಪೆಟ್ಟು. ಮೂರು ಕಾಲಗಳಲ್ಲಿ ಪೆಟ್ಟಿಗೆ ಒಂದು, ಎರಡು, ನಾಲ್ಕು ಸ್ವರ. 80ಕ್ಕೆ ಎತ್ತಿಕೊಂಡರೆ ಮೂರನೆಯ ಕಾಲದಲ್ಲಿ ನಿಮಿಷಕ್ಕೆ 320 ಸ್ವರವಾಗಿ ನಾಲಿಗೆ ತೊಡರುತ್ತದೆ.

ಒಂದು ಮಧ್ಯಾಹ್ನ ನಮ್ಮ ತಂಡ ತಂಬೂರಿಯ ತಂತಿಗಳ ನಾದ ಅರಳಿಸುವ ಜೀವಾಳಿ ದಾರಗಳನ್ನೆಲ್ಲ ಕಿತ್ತು ಬಚ್ಚಿಟ್ಟಿತು. ಮೀಟಿದರೆ ಮೊಂಡು ಸದ್ದು. ಬೈಗುಳಕ್ಕೆ ಕಾದಿದ್ದೆವು. ಮೇಷ್ಟ್ರು ಹತ್ತಿಯ ದಾರ ತರಿಸಿ, ಒಬ್ಬೊಬ್ಬರಿಂದಲೂ ಕೂರಿಸಿದರು: ತಂತಿಗಳು ಹಾದುಹೋಗುವ ಕುದುರೆ ಎಂಬ ಪಟ್ಟಿಯ ಮೇಲೆ ತಂತಿಯಡಿಯ ದಾರವನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋಗಿ, ನಾದ ಅರಳಿದಲ್ಲಿ ನಿಲ್ಲಿಸುವುದು. ಪಂಚಮ, ಸಾರಣಿ, ಅನುಸಾರಣಿ, ಕೆಳಗಿನ ಸ ನುಡಿಸುವ ಮಂದ್ರ, ಈ ನಾಲ್ಕೂ ತಂತಿ ಮುಗಿಯುವಷ್ಟರಲ್ಲಿ ತರಗತಿಯ ಹೊತ್ತು ಮೀರಿತ್ತು. “ಮಂದ್ರದ ತಂತಿಯೊಳಗೆ ಇನ್ನೊಬ್ಬರು ಹಾಡ್ತಿದ್ದಾರೆ. ಯಾರು ಹೇಳ್ರೋ” ಎಂದರು. ಕಣ್ಣು ಮುಚ್ಚಿ ಕುಳಿತೆವು. ಬಹಳ ಹೊತ್ತಿನ ಮೇಲೆ ಕೇಳಿಸಿತು: ಅಂತರ ಗಾಂಧಾರ. ಗಾಂಧಾರ ಇಳಿಯುತ್ತಿದ್ದವರಿಗೆ ಆಮೇಲೆ ಅವರು ಬಾಯಲ್ಲಿ ಹೇಳಲೇ ಇಲ್ಲ, ಮಂದ್ರದ ತಂತಿ ಮೀಟುತ್ತಿದ್ದರು.

ಈಗ ಪರೀಕ್ಷೆಗೆ ಬೇಕಾದಷ್ಟು ಕೃತಿಗಳನ್ನು ಮೊಬೈಲಿನಲ್ಲೇ ಕಲಿಸಿ ಮುಗಿಸುವುದು ನೋಡಿದರೆ ಸಂಕಟವಾಗುತ್ತದೆ. ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಹಾಡುವಂತಿಲ್ಲ; ಗದ್ದಲ ಅಳಿಸುವ ವ್ಯವಸ್ಥೆ ತಂಬೂರಿಯ ನಾದವನ್ನೂ ಗದ್ದಲವೆಂದು ಅಳಿಸಿಬಿಡುತ್ತದೆ. ನನ್ನ ಶಿಷ್ಯರ ಶ್ರುತಿ ಶುದ್ಧವಾಗಿದೆಯೆಂದು ಕೇಳಿದವರು ಮೆಚ್ಚುತ್ತಾರೆ, ನನಗದು ಹೆಮ್ಮೆ. ಹೊಸ ಮಗು ಬಂದರೆ ಮೊದಲ ವಾರ ಹಾಡಿಸುವುದಿಲ್ಲ. ತಂಬೂರಿಯ ಮುಂದೆ ಕೂರಿಸಿ ಆ ಗಾಂಧಾರವನ್ನು ಹುಡುಕಿಸುತ್ತೇನೆ.