ಮತ್ತೊಮ್ಮೆ ಎಣಿಸು

ಈ ವಾರವಿಡೀ ಕಿವಿಯಲ್ಲಿ ನಮ್ಮ ಮೇಡಂ ಹೇಳುವ ಒಂದೇ ಮಾತು. "ಮತ್ತೊಮ್ಮೆ ಎಣಿಸು."

ಎಣಿಸಬೇಕಿದ್ದದ್ದು ಇರುವೆಯ ಹಲ್ಲು. ಎರಡೂವರೆ ಮಿಲಿಮೀಟರ್ ಉದ್ದದ ಇರುವೆ, ಸ್ಟ್ರುಮಿಜೆನಿಸ್ ಕುಲದ್ದು. ಸೊಂಟದ ಸುತ್ತ ಬಿಳಿ ಸ್ಪಂಜಿನಂಥದ್ದು ಇರುತ್ತದೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಹಾಗಾಗಿ ಕುಲ ಗುರುತಿಸುವುದು ಸುಲಭ. ಪ್ರಭೇದ ಯಾವುದು ಅನ್ನುವುದೇ ಕಷ್ಟ, ಈ ಒಂದು ಕುಲದಲ್ಲೇ 800ಕ್ಕೂ ಜಾಸ್ತಿ ಪ್ರಭೇದಗಳಿವೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡಲು ದವಡೆಯ ಹಲ್ಲು ನೋಡಲೇಬೇಕು. ನಮ್ಮ ಇರುವೆಯೋ ಬಾಯಿ ಬಿಗಿಯಾಗಿ ಮುಚ್ಚಿಕೊಂಡೇ ಸತ್ತಿತ್ತು.

ಇರುವೆಯನ್ನು ಹೊತ್ತ ಪಿನ್ನಿನಲ್ಲಿ ಒಂದು ಹಳೆಯ ಚೀಟಿ. ಕುಲದ ಹೆಸರು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಷ್ಟೇ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಯಾರೋ ಇದನ್ನು ನೋಡಿ, ಇದು ಬೇರೆಯೇ ಪ್ರಭೇದ ಇರಬಹುದಾ ಅಂತ ಅನುಮಾನಪಟ್ಟು, ಇದ್ದದ್ದು ಇದೊಂದೇ ಆದ್ದರಿಂದ ಸೂಜಿ ಹಾಕಿ ಬಾಯಿ ಬಿಡಿಸಲು ಹೋಗದೆ ಪೆಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದಾರೆ. ಸೂಜಿ ಹಾಕಿದ್ದರೆ ತಲೆಯೇ ಕಳಚಿ ಬೀಳುತ್ತಿತ್ತೋ ಏನೋ. ಅವರ ಮೇಲೆ ನನಗೆ ತುಂಬಾ ಗೌರವ.

ನಾವು ಮೈಕ್ರೋ ಸಿಟಿ ಸ್ಕ್ಯಾನ್ ಮಾಡಿದೆವು. ಆಸ್ಪತ್ರೆಯಲ್ಲಿ ಯಂತ್ರ ಸುತ್ತುತ್ತದೆ, ಇಲ್ಲಿ ಇರುವೆಯೇ ಸುತ್ತುತ್ತದೆ. ಚೂರು ಚೂರೇ ತಿರುಗಿಸುತ್ತಾ ನೂರಾರು ಎಕ್ಸ್‌ರೇ ತೆಗೆದರೆ, ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ಪದರ ಪದರವಾಗಿ ಇಡೀ ದೇಹವನ್ನು ಕಟ್ಟಿಕೊಡುತ್ತದೆ. ಆಮೇಲೆ ಅಡ್ಡ ಬರುವ ಭಾಗವನ್ನು ಪರದೆಯ ಮೇಲೆ ತೆಗೆದುಹಾಕಬಹುದು. ನಿಜವಾದ ಇರುವೆಗೆ ಏನೂ ಆಗುವುದಿಲ್ಲ.

ಸೋಮವಾರ ಸಂಜೆ ಎಡ ದವಡೆಯನ್ನು ಹಾಗೆ ಮರೆಮಾಡಿದೆ. ಬಲ ದವಡೆಯ ಒಳಬದಿ ಪೂರ್ತಿ ಕಂಡಿತು. ಬುಡದ ಹತ್ತಿರ ದೊಡ್ಡ ಹಲ್ಲು, ತುದಿಗೆ ಹೋದಂತೆ ಸಣ್ಣದು. ಇಷ್ಟು ವರ್ಷ ಯಾರಿಗೂ ಕಾಣದೆ ಕೂತಿದ್ದ ಸಾಲು.

"ಮೇಡಂ, ಹನ್ನೊಂದು."

"ಮತ್ತೊಮ್ಮೆ ಎಣಿಸು."

ಹನ್ನೊಂದೇ.

"ಆ ಕಡೆ?"

ಆ ಕಡೆ ಹತ್ತು. ನನ್ನ ಎದೆ ಧಸಕ್ಕೆಂದಿತು. ಮೇಡಂ ಮುಖದಲ್ಲಿ ಏನೂ ಬದಲಾಗಲಿಲ್ಲ. "ಮತ್ತೊಮ್ಮೆ ಎಣಿಸು" ಅಂದರು, ಅದೇ ದನಿಯಲ್ಲಿ. ಮೂರನೇ ಸಲ ಪದರ ಪದರ ದಾಟುತ್ತಾ ಹೋದಾಗ ಸಿಕ್ಕಿತು. ಒಂದು ಹಲ್ಲು ಮುರಿದಿತ್ತು, ಬುಡ ಮಾತ್ರ ಉಳಿದಿತ್ತು.

ಅಷ್ಟರಲ್ಲಿ ನನ್ನ ಜೊತೆಯ ಹುಡುಗ ಹೆಸರು ಯೋಚಿಸುತ್ತಿದ್ದ. ಅವನಷ್ಟು ಚೆನ್ನಾಗಿ ಸ್ಕ್ಯಾನ್ ತೆಗೆಯುವವರು ನಮ್ಮಲ್ಲಿ ಇಲ್ಲ, ಆದರೆ ಹೆಸರಿನ ಆತುರ ಜಾಸ್ತಿ. 2017ರಲ್ಲಿ ಆಫ್ರಿಕಾದ ಜಾಸ್ಫಿಂಕ್ಟಸ್ ಕುಲದ ಮೂರು ಹೊಸ ಇರುವೆಗಳನ್ನು ಇದೇ ವಿಧಾನದಲ್ಲಿ ವಿವರಿಸಿದ್ದರು, ಒಂದಕ್ಕೆ ಒಬಾಮಾ ಹೆಸರಿಟ್ಟಿದ್ದರು. ಅವನು ಸದಾ ಅದನ್ನೇ ಹೇಳುತ್ತಾನೆ. ಆ ಕೆಲಸದಲ್ಲಿ ನನಗೆ ದೊಡ್ಡದೆನಿಸುವುದು ಬೇರೆ. ಸ್ಕ್ಯಾನ್‌ಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟರು. ಯಾರಿಗಾದರೂ ಅನುಮಾನ ಬಂದರೆ, ಮ್ಯೂಸಿಯಂನಿಂದ ಇರುವೆ ತರಿಸದೆ, ಅಂಚೆಯಲ್ಲಿ ಮೀಸೆ ಮುರಿಯುವ ಭಯವಿಲ್ಲದೆ, ಅವರೇ ಮತ್ತೊಮ್ಮೆ ಎಣಿಸಬಹುದು. ಹೆಸರಿಡುವುದು ಒಂದು ದಿನದ ಕೆಲಸ ಅಲ್ವಾ? ಸರಿಯಾ ಅಂತ ನೋಡುವವರು ಮುಂದೆಯೂ ಬರುತ್ತಲೇ ಇರುತ್ತಾರೆ.

ಸ್ಕ್ಯಾನ್ ಒಂದೇ ಸಾಲದು. ಅದರಲ್ಲಿ ಬಣ್ಣ ಬರುವುದಿಲ್ಲ, ಸಣ್ಣ ರೋಮಗಳು ಎಷ್ಟೋ ಸಲ ಮಾಯವಾಗುತ್ತವೆ. ಅದಕ್ಕೆ ಹತ್ತಾರು ಫೋಕಸ್‌ಗಳಲ್ಲಿ ಫೋಟೋ ತೆಗೆದು ಒಂದಾಗಿ ಜೋಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದರಂಥ ಇನ್ನೊಂದಾದರೂ ಇರುವೆ ಸಿಗಬೇಕು. ಹನ್ನೊಂದು ಹಲ್ಲು ಈ ಪ್ರಭೇದದ ಗುಣವೋ, ಈ ಒಂದು ಇರುವೆಯದೋ, ಹೇಗೆ ಹೇಳುವುದು? ಹೆಸರಿರುವ ಇರುವೆಗಳೇ 14,000ಕ್ಕೂ ಹೆಚ್ಚು ಪ್ರಭೇದ. ಪೆಟ್ಟಿಗೆಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತು ಕೂತವು ಇನ್ನೆಷ್ಟೋ ಅಂತ ರಾತ್ರಿಯೆಲ್ಲ ಯೋಚನೆ.

ಹಳೆಯ ಚೀಟಿಯನ್ನು ತೆಗೆಯಲಿಲ್ಲ, ತೆಗೆಯಬಾರದು ಕೂಡ. ಅದರ ಕೆಳಗೆ ಸ್ಕ್ಯಾನ್ ಸಂಖ್ಯೆ ಬರೆದ ಹೊಸ ಚೀಟಿ ಚುಚ್ಚಿ ಪೆಟ್ಟಿಗೆ ಮುಚ್ಚಿದೆ. ನಾಳೆಯಿಂದ ತರಗೆಲೆಯ ಮಾದರಿಗಳನ್ನು ಜಾಲಾಡಬೇಕು, ಎರಡನೆಯದಕ್ಕಾಗಿ.