ಇಪ್ಪತ್ತೈದು ಜನರಲ್ಲಿ ಮೂವರು

ಫುಟ್‌ಬಾಲ್ ವರ್ಲ್ಡ್ ಕಪ್ ಬಂತು ಅಂದ್ರೆ ನಮ್ ಫ್ರೆಂಡ್ಸೆಲ್ಲ ಮೊದಲ ಮ್ಯಾಚ್‌ಗೆ ಕಾಯ್ತಾರೆ, ನಾನು ಅದಕ್ಕೂ ಮುಂಚೆ ಬರೋ ಟೀಮ್ ಲಿಸ್ಟ್‌ಗೆ ಕಾಯ್ತೀನಿ. ಲಿಸ್ಟ್ ಬಂದ ತಕ್ಷಣ ಯಾರ್ಯಾರಿದಾರೆ ಅಂತ ನೋಡಲ್ಲ, ಯಾರ ಹೆಸರು ಬಿಟ್ಟಿದಾರೆ ಅಂತ ಹುಡುಕ್ತೀನಿ.

ಇದಕ್ಕೆ ಕಾರಣ ಇದೆ. ಹೈಸ್ಕೂಲಲ್ಲಿದ್ದಾಗ ಜಿಲ್ಲಾ ಟೀಮ್ ಸೆಲೆಕ್ಷನ್‌ಗೆ ಹೋಗಿದ್ದೆ. ಮೂರು ದಿನ ಟ್ರಯಲ್ಸ್, ಕೊನೇ ದಿನ ಸಂಜೆ ಒಂದು ಹಾಳೆ ತಂದು ಗೋಡೆಗೆ ಅಂಟಿಸಿ ಹೊರಟೇ ಹೋದ್ರು, ಯಾರ ಹತ್ರಾನೂ ಒಂದು ಮಾತಾಡ್ಲಿಲ್ಲ. ಹದಿನೆಂಟು ಹೆಸರು, ಎಲ್ಲಾ ಪೆನ್ನಲ್ಲಿ ಬರೆದಿದ್ದು. ಹದಿನಾಲ್ಕನೇ ಹೆಸರಿಗೆ ಗೀಟು ಹಾಕಿ ಪಕ್ಕದಲ್ಲಿ ಬೇರೆಯವನ ಹೆಸರು ಬರೆದಿದ್ರು, ಆ ಗೀಟಿನ ಅಡಿ ಕಾಣ್ತಿದ್ದದ್ದು ನನ್ನ ಹೆಸರು. ಅಪ್ಪ ಗೇಟ್ ಹತ್ರ ಸ್ಕೂಟರ್ ಮೇಲೆ ಕೂತು ಕಾಯ್ತಿದ್ರು, ನನ್ ಮುಖ ನೋಡಿದ್ರು, ಏನೂ ಕೇಳ್ದೆ ಕಿಕ್ ಹೊಡೆದ್ರು.

ಹಾಗಾಗಿ 1978ರ ಅರ್ಜೆಂಟೀನಾ ಕಥೆ ಮೊದಲ ಸಲ ಓದಿದಾಗ ನನಗೆ ಅದು ಬೇರೆ ಥರಾನೇ ತಟ್ಟಿತು. ವರ್ಲ್ಡ್ ಕಪ್ ಅವರ ಮನೆಯಲ್ಲೇ ನಡೀತಿತ್ತು. ಕೋಚ್ ಸೆಸಾರ್ ಮೆನೋಟ್ಟಿ ಕ್ಯಾಂಪಲ್ಲಿ 25 ಜನರನ್ನ ಇಟ್ಕೊಂಡಿದ್ರು, ಆದ್ರೆ ಆಗ ಲಿಸ್ಟಲ್ಲಿ ಜಾಗ ಇದ್ದದ್ದು 22 ಜನಕ್ಕೆ ಮಾತ್ರ, ಅಂದ್ರೆ ಮೂವರು ಮನೆಗೆ ಹೋಗ್ಲೇಬೇಕು. ಮೇ ತಿಂಗಳಲ್ಲಿ ಒಂದಿನ ಎಲ್ಲರನ್ನೂ ಮೈದಾನದಲ್ಲಿ ಸೇರಿಸಿ ಮೆನೋಟ್ಟಿ ತಾವೇ ಆ ಮೂರು ಹೆಸರು ಹೇಳಿದ್ರು. ಅದ್ರಲ್ಲಿ ಒಬ್ಬ ಹದಿನೇಳು ವರ್ಷದ ಡಿಯೇಗೋ ಮರಡೋನಾ, ಹಿಂದಿನ ವರ್ಷಾನೇ ಹಂಗೇರಿ ಮೇಲೆ ದೇಶಕ್ಕೆ ಆಡಿದ್ದ ಹುಡುಗ, ಬಿಕ್ಕಿ ಬಿಕ್ಕಿ ಅತ್ತ. ಎರಡು ದಿನ ಬಿಟ್ಟು ತನ್ನ ಕ್ಲಬ್ ಅರ್ಜೆಂಟಿನೋಸ್ ಜೂನಿಯರ್ಸ್‌ಗೆ ಆಡೋಕೆ ಇಳಿದು ಎರಡು ಗೋಲು ಹೊಡೆದ. ಆ ನೋವು ಅವನಿಗೆ ಕೊನೇವರೆಗೂ ಮರೀಲಿಲ್ಲ.

ಮೆನೋಟ್ಟಿ ತಪ್ಪು ಮಾಡಿದ್ರು ಅಂತ ಈಗ್ಲೂ ಎಷ್ಟೋ ಜನ ಹೇಳ್ತಾರೆ. ನಾನು ಒಪ್ಪಲ್ಲ. ಸ್ವಂತ ನೆಲದಲ್ಲಿ ವರ್ಲ್ಡ್ ಕಪ್, ದೇಶದಲ್ಲಿ ಮಿಲಿಟರಿ ಸರ್ಕಾರ, ಗೆಲ್ಲದಿದ್ರೆ ಏನ್ ಗತಿಯೋ ಅನ್ನೋ ವಾತಾವರಣ, ಅಷ್ಟೆಲ್ಲ ಭಾರಾನ ಹದಿನೇಳರ ಹುಡುಗನ ಹೆಗಲಿಗೆ ಹಾಕ್ಬಾರ್ದು ಅಂತ ಅವರಿಗೆ ಅನ್ಸಿದ್ರೆ ಅದು ನ್ಯಾಯವಾದ ಯೋಚನೆನೇ. ಮರಡೋನಾ ಇಲ್ದೇನೇ ಜೂನ್ 25ಕ್ಕೆ ಫೈನಲಲ್ಲಿ ನೆದರ್ಲೆಂಡ್ಸ್ ಮೇಲೆ 3-1 ಗೆದ್ರು. ಫೈನಲಲ್ಲಿ ಎರಡು, ಟೂರ್ನಮೆಂಟಲ್ಲಿ ಒಟ್ಟು ಆರು ಗೋಲು ಹೊಡೆದ ಮಾರಿಯೋ ಕೆಂಪೆಸ್, ಆ ಟೀಮಲ್ಲಿ ಹೊರದೇಶದ ಕ್ಲಬ್ಬಿಗೆ ಆಡ್ತಿದ್ದವನು ಅವನೊಬ್ನೇ. ಅವನ ಬೆನ್ ಮೇಲಿದ್ದ 10 ಕೂಡ ದೊಡ್ಡ ಆಟಗಾರ ಅಂತ ಕೊಟ್ಟಿದ್ದಲ್ಲ, ಹೆಸರಿನ ಅಕ್ಷರದ ಕ್ರಮದಲ್ಲಿ ನಂಬರ್ ಹಂಚಿದ್ರು, ಹಾಜರಿ ಪುಸ್ತಕದ ಥರ. ಅದಕ್ಕೇ ಮಿಡ್‌ಫೀಲ್ಡರ್ ಅಲೋನ್ಸೋಗೆ 1 ಬಂತು, ಗೋಲ್‌ಕೀಪರ್ ಫಿಯೋಲ್‌ಗೆ 5. ಮರಡೋನಾ ಇದ್ದಿದ್ರೂ ಆ ಲೆಕ್ಕದಲ್ಲಿ ಅವನಿಗೆ 14 ಇಲ್ಲಾ 15 ಸಿಗ್ತಿತ್ತು ಅಷ್ಟೇ. 1982ರಲ್ಲಿ ಅವನಿಗೋಸ್ಕರ ಆ ಕ್ರಮಾನೇ ಮುರಿದು 10 ಕೊಟ್ರು, ಆಗ್ಲೂ ಕೋಚ್ ಇದೇ ಮೆನೋಟ್ಟಿ. ಅದಕ್ಕೂ ಮುಂಚೆ 1979ರಲ್ಲಿ ಜಪಾನಲ್ಲಿ ನಡೆದ ಯೂತ್ ವರ್ಲ್ಡ್ ಕಪ್‌ಗೆ ಇಬ್ಬರೂ ಒಟ್ಟಿಗೇ ಹೋಗಿ ಗೆದ್ದು ಬಂದಿದ್ರು. ನನಗೆ ಮೆನೋಟ್ಟಿ ಮೇಲೆ ಗೌರವ ಬರೋದು ಇಲ್ಲೇ, ಎದುರಿಗೆ ನಿಂತು ಇಲ್ಲ ಅಂದ್ರು, ಆಮೇಲೆ ಅವನ ಕೈ ಬಿಡ್ಲೂ ಇಲ್ಲ.

2002ರಿಂದ ಲಿಸ್ಟ್ 23 ಆಯ್ತು, 2022ಕ್ಕೆ 26. ಅದ್ರಲ್ಲಿ ಮೂವರು ಗೋಲ್‌ಕೀಪರ್ ಇರ್ಲೇಬೇಕು, ಮೂರನೇಯವನು ಸಾಮಾನ್ಯವಾಗಿ ಒಂದು ನಿಮಿಷಾನೂ ಆಡಲ್ಲ, ಆದ್ರೂ ದಿನಾ ಪ್ರಾಕ್ಟೀಸಲ್ಲಿ ನೂರಾರು ಶಾಟ್ ಹಿಡೀತಾನೆ. ಜಾಗ ಜಾಸ್ತಿ ಆಯ್ತಲ್ಲ ಇನ್ನೇನು ಅಂತಾರೆ. ಇಪ್ಪತ್ತೇಳನೇಯವನ್ನ ಕೇಳಿ ನೋಡ್ಬೇಕು.

ಇನ್ನು ಗಾಯ. 2022ರಲ್ಲಿ ಫ್ರಾನ್ಸ್ ಲಿಸ್ಟಲ್ಲಿ ಎನ್‌ಕುಂಕು ಇದ್ದ, ಆ ವರ್ಷ ಒಳ್ಳೇ ಫಾರ್ಮಲ್ಲಿದ್ದ. ಹೊರಡೋ ಹೊತ್ತಿಗೆ ಪ್ರಾಕ್ಟೀಸಲ್ಲಿ ತನ್ನದೇ ಟೀಮಿನ ಕಮವಿಂಗಾ ಟ್ಯಾಕಲ್‌ಗೆ ಮಂಡಿ ಹೋಯ್ತು, ವರ್ಲ್ಡ್ ಕಪ್ಪೇ ಹೋಯ್ತು. ಅವನ ಜಾಗಕ್ಕೆ ಕರೆ ಹೋಗಿದ್ದು ಕೋಲೋ ಮುವಾನಿಗೆ, ಅವನು ಆಗ ಫ್ರಾಂಕ್‌ಫರ್ಟ್ ಟೀಮ್ ಜೊತೆ ಜಪಾನಲ್ಲಿದ್ದ. ಸೆಮಿಫೈನಲಲ್ಲಿ ಮೊರಾಕೋ ವಿರುದ್ಧ ಇಳಿದು ಒಂದು ನಿಮಿಷ ಆಗೋದ್ರೊಳಗೆ ಗೋಲು ಹೊಡೆದ. ಅರ್ಜೆಂಟೀನಾ ವಿರುದ್ಧದ ಫೈನಲಲ್ಲಿ ಎಕ್ಸ್‌ಟ್ರಾ ಟೈಮಿನ ಕೊಟ್ಟಕೊನೇ ಕ್ಷಣ, ಸ್ಕೋರು 3-3, ಅವನ ಮುಂದೆ ಗೋಲ್‌ಕೀಪರ್ ಎಮಿ ಮಾರ್ಟಿನೆಜ್ ಒಬ್ನೇ. ನಮ್ಮನೇಲಿ ಎಲ್ರೂ ಸೋಫಾ ಬಿಟ್ಟು ಎದ್ದು ನಿಂತಿದ್ವಿ. ಮಾರ್ಟಿನೆಜ್ ಎಡಗಾಲು ಚಾಚಿ ತಡೆದ. ಅಲ್ಲಿಂದ ಪೆನಾಲ್ಟಿ, ಅರ್ಜೆಂಟೀನಾ ಕಪ್ ಎತ್ತಿತು. ನಾನು ಮೆಸ್ಸಿ ಕಡೆಯವನೇ, ಖುಷಿಲಿ ಕೂಗಾಡಿದೀನಿ, ಆದ್ರೆ ಆ ರಾತ್ರಿ ಮಲಗೋವಾಗ ಎನ್‌ಕುಂಕು ನೆನಪಾದ, ಮಂಡಿಗೆ ಪಟ್ಟಿ ಕಟ್ಕೊಂಡು ಆ ಶಾಟನ್ನ ಅವನು ಹೇಗ್ ನೋಡಿರ್ಬಹುದು ಅಂತ.

1978ರ ಆ ಮೂವರಲ್ಲಿ ಉಳಿದಿಬ್ಬರ ಹೆಸರು ಕೇಳಿದ್ರೆ ನಮ್ ಗ್ರೂಪಲ್ಲಿ ಯಾರಿಗೂ ಗೊತ್ತಿಲ್ಲ. ಉಂಬೆರ್ತೋ ಬ್ರಾವೋ, ತಾಯೆರೆಸ್ ಕ್ಲಬ್ಬಿನ ಸ್ಟ್ರೈಕರ್. ವಿಕ್ತೋರ್ ಬೊತ್ತಾನಿಸ್, ಡಿಫೆಂಡರ್. ಮರಡೋನಾಗೆ ಮುಂದೆ ನಾಲ್ಕು ವರ್ಲ್ಡ್ ಕಪ್ ಆಡೋಕೆ ಸಿಕ್ತು. ಇವರಿಬ್ಬರಿಗೆ ಒಂದೂ ಸಿಗ್ಲಿಲ್ಲ.