ಟೋಕಿಯೊ ರೋಬೋಟ್ ಮೇಳಕ್ಕೆ ಹೊರಟಿದ್ದೀರಾ? ಮೊದಲು ಬಿಡಿಭಾಗಗಳ ಮಳಿಗೆಗೆ ಹೋಗಿ

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಜಿಗ್, ಫಿಕ್ಸ್ಚರ್ (ಕೆಲಸ ನಡೆಯುವಾಗ ಪಾರ್ಟ್ ಅಲುಗದಂತೆ ಹಿಡಿಯುವ ಸಾಧನಗಳು) ಮಾಡುವ ಸಣ್ಣ ವರ್ಕ್‌ಶಾಪ್ ಇದ್ದವರು ಟೋಕಿಯೊದ ಅಂತಾರಾಷ್ಟ್ರೀಯ ರೋಬೋಟ್ ಮೇಳ ಐರೆಕ್ಸ್ ಅನ್ನು ಒಮ್ಮೆಯಾದರೂ ನೋಡಲೇಬೇಕು. ಎರಡು ವರ್ಷಕ್ಕೊಮ್ಮೆ, ಬೆಸ ವರ್ಷಗಳ ಕೊನೆಯಲ್ಲಿ ನಡೆಯುತ್ತದೆ. ನಾನು ಹೋಗಿದ್ದು 2023ರ ಮೇಳಕ್ಕೆ. ನವೆಂಬರ್ 29ರಿಂದ ಡಿಸೆಂಬರ್ 2ರವರೆಗೆ ಇತ್ತು.

ವೀಸಾ ಕೆಲಸ ಬೇಗ ಶುರು ಮಾಡಿ. ವ್ಯವಹಾರದ ಮಾತುಕತೆಗೆ ಹೋಗುವುದಾದರೆ ಜಪಾನಿನ ಕಂಪನಿಯ ಆಹ್ವಾನ ಪತ್ರ ಬೇಕು. ಅದು ಬರುವುದು ನಿಧಾನ. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಮೇಳ ನಡೆಯುವುದು ಟೋಕಿಯೊ ಬಿಗ್ ಸೈಟ್‌ನಲ್ಲಿ. ಶಿಂಬಾಶಿ ಸುತ್ತಮುತ್ತ ರೂಮ್ ಮಾಡಿದರೆ ಯುರಿಕಾಮೊಮೆ ರೈಲು ಹಿಡಿದು ಬಾಗಿಲ ಹತ್ತಿರವೇ ಇಳಿಯಬಹುದು. ಆ ರೈಲಿಗೆ ಡ್ರೈವರೇ ಇಲ್ಲ, ಮುಂದಿನ ಸೀಟು ಸಿಕ್ಕರೆ ಬಿಡಬೇಡಿ. ಪ್ರವೇಶಕ್ಕೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ.

ಒಳಗೆ ಕಾಲಿಟ್ಟ ಕೂಡಲೇ ಜನ ಓಡುವುದು ರೋಬೋಟ್ ಕಂಪನಿ ಫ್ಯಾನುಕ್‌ನ ಹಳದಿ ತೋಳುಗಳ ಕಡೆಗೆ, ಇಲ್ಲ ಕವಾಸಾಕಿಯ ಮನುಷ್ಯನಂಥ ಕಲೀಡೊ ಕಡೆಗೆ. ನೋಡಿ, ಚೆನ್ನಾಗಿದೆ. ಆದರೆ ಅಲ್ಲೇ ದಿನ ಕಳೆಯಬೇಡಿ. ನಮ್ಮಂಥವರಿಗೆ ಕೆಲಸಕ್ಕೆ ಬರುವುದು ಬಿಡಿಭಾಗಗಳವರ ಮಳಿಗೆಗಳು. ಗಿಯರ್, ಬೇರಿಂಗ್, ವಸ್ತು ಹಿಡಿಯುವ ಗ್ರಿಪ್ಪರ್, ಸೆನ್ಸರ್ ಮಾಡುವವರು.

ಮೋಟರಿನ ವೇಗ ತಗ್ಗಿಸುವ ಹಾರ್ಮೋನಿಕ್ ಡ್ರೈವ್ ಅನ್ನೋ ಗಿಯರನ್ನು ಅರ್ಧಕ್ಕೆ ಕೊಯ್ದು ಇಟ್ಟಿರುತ್ತಾರೆ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ತೆಳ್ಳಗಿನ ಉಕ್ಕಿನ ಬಟ್ಟಲೊಂದು, ಹೊರಗೆ ಸಣ್ಣ ಸಣ್ಣ ಹಲ್ಲು. ಒಳಗೆ ಮೊಟ್ಟೆಯಾಕಾರದ ತುಂಡು ತಿರುಗಿದ ಹಾಗೆ ಬಟ್ಟಲು ಬಾಗುತ್ತಾ ಹೊರಗಿನ ಬಳೆಯ ಹಲ್ಲಿಗೆ ಎರಡೂ ಕಡೆ ಕಚ್ಚಿಕೊಳ್ಳುತ್ತದೆ. ಬಟ್ಟಲಿಗೆ ಬಳೆಗಿಂತ ಎರಡು ಹಲ್ಲು ಕಡಿಮೆ. ಹಾಗಾಗಿ ಒಳಗಿನ ತುಂಡು ಪೂರ್ತಿ ಒಂದು ಸುತ್ತು ಬಂದರೆ ಬಟ್ಟಲು ಎರಡೇ ಹಲ್ಲಿನಷ್ಟು ಹಿಂದಕ್ಕೆ ಸರಿಯುತ್ತದೆ. ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ, ಇಲ್ಲವೇ ಇಲ್ಲ ಅನ್ನಬಹುದು. ರೋಬೋಟ್ ಕೈ ಹೋದ ಜಾಗಕ್ಕೇ ಮತ್ತೆ ಕರಾರುವಾಕ್ಕಾಗಿ ಬರುವುದಕ್ಕೆ ಇಂಥ ಗಿಯರ್‌ಗಳು ದೊಡ್ಡ ಕಾರಣ. ದೊಡ್ಡ ರೋಬೋಟ್‌ಗಳ ಕೀಲುಗಳಿಗೆ ನಬ್ಟೆಸ್ಕೊ ಕಂಪನಿಯವರ ಗಿಯರ್ ಹೆಚ್ಚು. ಜಪಾನಿನ ಬಲ ಎಲ್ಲಿದೆ ಅಂತ ಇಲ್ಲಿ ಗೊತ್ತಾಗುತ್ತದೆ.

ಈಗ ವ್ಯಾಪಾರದ ಮಾತು. ರೋಬೋಟ್ ತಯಾರಿಸಿ ಇವರ ಜೊತೆ ಪೈಪೋಟಿ ಮಾಡುವ ಯೋಚನೆ ಸದ್ಯಕ್ಕೆ ಬೇಡ. ಆದರೆ ರೋಬೋಟ್ ಕೈ ಒಂದೇ ತಂದಿಟ್ಟರೆ ಏನೂ ನಡೆಯಲ್ಲ. ಅದಕ್ಕೆ ಗ್ರಿಪ್ಪರ್ ಬೇಕು, ಫಿಕ್ಸ್ಚರ್ ಬೇಕು, ಕನ್ವೇಯರ್, ಸುತ್ತ ಸೇಫ್ಟಿ ಬೇಲಿ, ಇವನ್ನೆಲ್ಲ ಜೋಡಿಸಿ ಲೈನಿಗೆ ಕೂರಿಸುವ ಜನ ಬೇಕು. ಅದು ನಮ್ಮ ಕೆಲಸ ಅಲ್ವಾ? ಫ್ಯಾನುಕ್‌ನ ಭಾರತದ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಗ್ರಿಪ್ಪರ್ ಮಳಿಗೆಗಳಲ್ಲಿ ನೇರವಾಗಿ ಕೇಳಿ, ಭಾರತದಲ್ಲಿ ನಿಮ್ಮ ಮಾಲು ಜೋಡಿಸಿಕೊಡುವವರು ಯಾರಿದ್ದಾರೆ ಅಂತ. ಎಷ್ಟೋ ಕಡೆ ಮಾತು ಶುರುವಾಗುವುದೇ ಆ ಪ್ರಶ್ನೆಯಿಂದ.

ವಿಸಿಟಿಂಗ್ ಕಾರ್ಡ್ ಜಾಸ್ತಿ ಇಟ್ಟುಕೊಳ್ಳಿ, ಒಂದು ಬದಿಗೆ ಜಪಾನಿಯಲ್ಲಿ ಅಚ್ಚು ಹಾಕಿಸಿ. ಎರಡೂ ಕೈಯಲ್ಲಿ ಕೊಡಿ. ಅವರದ್ದನ್ನು ಓದಿ ನೋಡಿ, ಸುಮ್ನೆ ಜೇಬಿಗೆ ತುರುಕಬೇಡಿ. ಕಂಪನಿಯ ದೊಡ್ಡ ದೊಡ್ಡ ಮಾತಿಗಿಂತ ನೀವು ಮಾಡಿದ ಒಂದು ಪಾರ್ಟ್, ಅದರ ಡ್ರಾಯಿಂಗ್, ಅಳತೆ ತೆಗೆದ ರಿಪೋರ್ಟ್ ಜೊತೆಗಿರಲಿ. ಪಾರ್ಟ್ ಕೈಗೆ ಕೊಟ್ಟಾಗ ಅಂಚು ಸವರಿ ನೋಡುತ್ತಾರೆ, ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಅಲ್ಲೇ ಆರ್ಡರ್ ಸಿಗುತ್ತದೆ ಅಂತ ಕಾಯಬೇಡಿ, ಅವರದ್ದು ನಿಧಾನದ ತೀರ್ಮಾನ.

ಸಸ್ಯಾಹಾರಿಗಳಿಗೆ ಊಟ ಕಷ್ಟ. ತರಕಾರಿ ಸೂಪಿಗೂ ಮೀನಿನ ಸಾರ ಹಾಕಿರುತ್ತಾರೆ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ.

ಒಂದು ಸಂಜೆ ಉಳಿಸಿಕೊಂಡು ನಿಹೊಂಬಾಶಿಯ ಡಾನ್ ಕೆಫೆಗೆ ಹೋಗಿ. ಹಾಸಿಗೆ ಬಿಟ್ಟು ಏಳಲಾಗದವರು, ಮನೆಯಿಂದ ಹೊರಬರಲು ಆಗದವರು ಒರಿಹಿಮೆ ಅನ್ನೋ ರೋಬೋಟ್ ಮೂಲಕ ಅಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತಾರೆ. ಮೇಜಿನ ಮೇಲಿನ ಪುಟ್ಟ ಬಿಳಿ ರೋಬೋಟ್ ಮಾತಾಡುತ್ತದೆ, ಆದರೆ ದನಿ ಎಲ್ಲೋ ದೂರದ ಊರಿನ ಮನುಷ್ಯರದ್ದು. ಇಂಥದ್ದು ನಮ್ಮಲ್ಲೂ ಬರಬೇಕು ಅಂತ ನನಗೆ ತುಂಬಾ ಆಸೆ. ಟೇಬಲ್ ಮುಂಚೆಯೇ ಬುಕ್ ಮಾಡಿ, ಇಂಗ್ಲಿಷ್ ಮಾತಾಡುವವರು ಬೇಕು ಅಂತ ಆಗಲೇ ತಿಳಿಸಿ.